ಎಲ್ಲರಿಗೂ ಬೇಡಾಗಿದ್ದವನ ಕೊಲೆ

ಮಧ್ಯಾಹ್ನದ ಊಟದ ಹೊತ್ತು. ಪಾದ್ರಿ ಕ್ಲೆಮೆಂಟ್ ಮಾಂಸ ಕತ್ತರಿಸುವ ಚೂರಿ ಹಿಡಿದುಕೊಂಡೇ ಊರಿನ ದೊಡ್ಡ ಮನುಷ್ಯನೊಬ್ಬನ ಬಗ್ಗೆ ಪಾದ್ರಿಯ ಬಾಯಲ್ಲಿ ಬರಬಾರದ ಮಾತೊಂದನ್ನು ಆಡಿಬಿಡುತ್ತಾನೆ. ಆ ಕರ್ನಲ್‌ನನ್ನು ಯಾರಾದರೂ ಕೊಂದುಹಾಕಿದರೆ ಲೋಕಕ್ಕೇ ಉಪಕಾರವಾದೀತು ಎಂಬ ಧಾಟಿಯ ಮಾತು. ಮನೆಯಲ್ಲಿದ್ದ ಹದಿಹರೆಯದ ಹುಡುಗ ಡೆನಿಸ್ ಅದನ್ನು ಅಲ್ಲೇ ಹಿಡಿದುಕೊಳ್ಳುತ್ತಾನೆ. ನಾಳೆ ಮುದುಕ ರಕ್ತದ ಮಡುವಿನಲ್ಲಿ ಬಿದ್ದಿದ್ದರೆ ಈ ಮಾತು ನಿಮ್ಮ ಕೊರಳಿಗೇ ಬರುತ್ತದೆ, ಅಡುಗೆಯವಳೇ ಸಾಕ್ಷಿ ಹೇಳುತ್ತಾಳೆ ಎಂದು ತಮಾಷೆ ಮಾಡುತ್ತಾನೆ. ಮರುದಿನ ಸಂಜೆ ಅದೇ ಪಾದ್ರಿಯ ಮನೆಯಲ್ಲಿ, ಅವನದೇ ಬರೆಯುವ ಮೇಜಿನ ಮೇಲೆ, ಕರ್ನಲ್ ಹೆಣವಾಗಿ ಒರಗಿರುತ್ತಾನೆ.

1930ರಲ್ಲಿ ಬಂದ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಶುರುವಾಗುವುದು ಹೀಗೆ. ಮಿಸ್ ಮಾರ್ಪಲ್ ಎಂಬ ಮುದುಕಿ 1927ರಲ್ಲೇ ಸಣ್ಣಕಥೆಯೊಂದರಲ್ಲಿ ಮುಖ ತೋರಿಸಿದ್ದಳಾದರೂ ಇಡೀ ಕಾದಂಬರಿಗೆ ಬಂದದ್ದು ಇದೇ ಮೊದಲು. ಪುಸ್ತಕವನ್ನು ನಾನು ಓದಿದ್ದು ಬೇಸಿಗೆಯಲ್ಲಿ, ಆಳಂದ, ಅಫಜಲಪುರ, ಜೇವರ್ಗಿಯ ನಡುವೆ ಓಡಾಡುತ್ತ. ಅರ್ಧ ಬಸ್ಸಿನಲ್ಲಿ, ಅರ್ಧ ನೆಂಟರ ಮನೆಯ ಪಡಸಾಲೆಯಲ್ಲಿ. ಕೊಂದವರು ಯಾರು ಎಂದು ಇಲ್ಲಿ ಹೇಳುವುದಿಲ್ಲ, ಓದುವವರು ನಿಶ್ಚಿಂತೆಯಿಂದ ಮುಂದೆ ಹೋಗಬಹುದು. ಕೊಲೆಯಾದವನ ಬಗ್ಗೆ ಮಾತ್ರ ಸಾಕಷ್ಟು ಹೇಳುವುದಿದೆ.

ಕರ್ನಲ್ ಲೂಸಿಯಸ್ ಪ್ರೊಥೆರೊ ಸೇಂಟ್ ಮೇರಿ ಮೀಡ್ ಎಂಬ ಹಳ್ಳಿಯ ದೊಡ್ಡ ಮನೆಯ ಯಜಮಾನ. ಅಲ್ಲಿಯ ಮ್ಯಾಜಿಸ್ಟ್ರೇಟನೂ ಅವನೇ, ಚರ್ಚಿನ ಆಡಳಿತದಲ್ಲಿ ಮೂಗು ತೂರಿಸುವವನೂ ಅವನೇ. ಕಿವಿ ಕೊಂಚ ಮಂದ. ಹಾಗಾಗಿ ಊರಿಗೆಲ್ಲ ಕಿವಿ ಮಂದವೆಂದು ತಿಳಿದು ಕಿರುಚಿಯೇ ಮಾತಾಡುತ್ತಾನೆ. ಕದ್ದು ಬೇಟೆಯಾಡಿದ ಆರ್ಚರ್ ಎಂಬ ಬಡಪಾಯಿಯನ್ನು ಜೈಲಿಗೆ ಕಳಿಸಿದ್ದಾನೆ, ಮಗಳ ಚಿತ್ರ ಬರೆಯುತ್ತಿದ್ದ ಕಲಾವಿದನಿಗೆ ಮನೆಯ ಬಾಗಿಲು ಮುಚ್ಚಿದ್ದಾನೆ. ಮಗಳಿಗೆ ಅಪ್ಪ ಕಣ್ಮರೆಯಾದರೆ ಸಾಕಾಗಿದೆ. ಎರಡನೆಯ ಹೆಂಡತಿಗೆ ಆ ಮನೆಯಲ್ಲಿ ಉಸಿರುಗಟ್ಟಿದೆ. ಚರ್ಚಿನ ಕಾಣಿಕೆಯ ಹಣದಲ್ಲಿ ಲೆಕ್ಕ ತಪ್ಪಿದೆ ಎಂಬ ಗುಮಾನಿ ಅವನಿಗೆ. ಪಾದ್ರಿಯ ಮನೆಗೆ ಆ ಸಂಜೆ ಅವನು ಬಂದದ್ದೂ ಆ ಲೆಕ್ಕದ ಮಾತಿಗೇ.

ಇಂಥವನನ್ನು ಹುಡುಕಲು ನಮ್ಮ ಕಡೆಯವರು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಜಾತ್ರೆಯ ಪಟ್ಟಿ ಕೊಟ್ಟು ಉಳಿದವರ ಪಟ್ಟಿಯನ್ನೂ ತಾನೇ ಬರೆಯುವವ, ಗುಡಿಯ ಕಮಿಟಿಯಲ್ಲಿ ಯಾರು ಇರಬೇಕು ಎಂದು ಹೇಳುವವ, ತೊಗರಿ ಹೊಲದ ಬಾಂದಿನ ಮೇಲೆ ಇನ್ನೊಬ್ಬನ ಆಡು ಕಂಡರೆ ಠಾಣೆಯವರೆಗೂ ಒಯ್ಯುವವ. ಪ್ರತಿ ಊರಲ್ಲೂ ಒಬ್ಬ ಇರುತ್ತಾನೆ, ಅವನ ಬೆನ್ನ ಹಿಂದೆ ಊರು ಒಂದಾಗಿರುತ್ತದೆ. ಪುಸ್ತಕ ಓದುತ್ತ ಹೋದಂತೆ ಸೇಂಟ್ ಮೇರಿ ಮೀಡ್‌ನ ಹೆಂಗಸರ ಚಹಾ ಕೂಟ ನಮ್ಮ ಹನುಮಪ್ಪನ ಗುಡಿ ಕಟ್ಟೆಗಿಂತ ಬೇರೆ ಅನ್ನಿಸಲಿಲ್ಲ.

ಕಥೆ ಅರ್ಧವಾದಾಗ ಅದನ್ನು ನನ್ನ ಸೋದರಮಾವನಿಗೆ ಹೇಳಿದೆ. ಅಫಜಲಪುರ ತಾಲೂಕಿನ ಹಳ್ಳಿಯಲ್ಲಿರುವ ನಿವೃತ್ತ ಮಾಸ್ತರರು, ಎಂಬತ್ತು ದಾಟಿದ್ದಾರೆ, ಗುಡಿಯ ಲೆಕ್ಕ ಇವತ್ತಿಗೂ ಅವರದೇ ಕೈಯಲ್ಲಿದೆ. ಕರ್ನಲ್‌ನನ್ನು ದ್ವೇಷಿಸುವವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದೆ. ಅವರು ಎಲೆಗೆ ಸುಣ್ಣ ಸವರುತ್ತ ಕೇಳಿದರು.

“ಇಷ್ಟ ಮಂದಿ ದುಶ್ಮನ್ ಹಾರ ಅಂದಮ್ಯಾಲ ಖೂನಿ ಮಾಡ್ದಾಂವ ಅವ್ರೊಳಗ ಇಲ್ಲ ಬಿಡು.”

“ಯಾಕ್ ಮಾಮಾ?”

“ಬೈಯ್ಯೋರು ಬೈದು ಹಗುರ ಆಗಿರ್ತಾರ. ಬೈದೇ ಇದ್ದಾಂವ ಯಾರದಾನ ಅದನ್ನ ಹೇಳು.”

ಮಾಮಾ ಸುಮ್ಮನೆ ಊಹಿಸಿ ಆಡಿದ ಮಾತಲ್ಲ ಇದು, ಓದಿನಿಂದ ಬಂದದ್ದು. ಈ ಮೂರು ತಾಲೂಕುಗಳಲ್ಲಿ ಪತ್ತೇದಾರಿ ಓದಿನ ಇತಿಹಾಸ ಮೈಸೂರು ಕಡೆಯದಕ್ಕಿಂತ ಬೇರೆ. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮನ ಸೀಮೆ. ಶಾಲೆ, ಕಚೇರಿ, ಕೋರ್ಟು ಎಲ್ಲ ಉರ್ದುವಿನಲ್ಲಿ. ಆ ಕಾಲದಲ್ಲಿ ಅಕ್ಷರ ಕಲಿತವರಿಗೆ ಮುಂದೆ ಸಿಕ್ಕ ದೊಡ್ಡ ಖುಷಿ ಎಂದರೆ ಇಬ್ನ್-ಎ-ಸಫಿ. 1952ರಲ್ಲಿ ಅಲಹಾಬಾದಿನಲ್ಲಿ ಶುರುವಾದ ‘ಜಾಸೂಸಿ ದುನಿಯಾ’ ಮಾಲೆ, ಅದರ ಕರ್ನಲ್ ಫರೀದಿ ಮತ್ತು ಕ್ಯಾಪ್ಟನ್ ಹಮೀದ್, ಆಮೇಲೆ 1955ರಿಂದ ಇಮ್ರಾನ್. ಲೇಖಕ 1952ರಲ್ಲೇ ಕರಾಚಿಗೆ ಹೋಗಿ ನೆಲೆಸಿದರೂ ಪುಸ್ತಕಗಳು ಗಡಿಯ ಎರಡೂ ಕಡೆ ಓಡಿದವು. ಹಿಂದಿಯಲ್ಲಿ ಬರುವಾಗ ಫರೀದಿ ವಿನೋದ್ ಆದ. ಇನ್ನು ಆಳಂದದಿಂದ ಪಡುವಣಕ್ಕೆ ಹೋದರೆ ಅಕ್ಕಲಕೋಟ, ಬಡಗಣಕ್ಕೆ ಉಮರ್ಗಾ. ಆ ಕಡೆಯಿಂದ ಮರಾಠಿಯ ಬಾಬುರಾವ್ ಅರ್ನಾಳಕರ್ ಬರುತ್ತಿದ್ದರು, ಸಾವಿರಕ್ಕೂ ಹೆಚ್ಚು ರಹಸ್ಯ ಕಥೆ ಬರೆದ ಪುಣ್ಯಾತ್ಮ. ದಕ್ಷಿಣದಿಂದ ಕನ್ನಡದ ಎನ್. ನರಸಿಂಹಯ್ಯ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಕೊಪ್ಪದ ಈ ಮನುಷ್ಯ ಪತ್ತೇದಾರ ಪುರುಷೋತ್ತಮನನ್ನು ಹುಟ್ಟಿಸಿ, ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಕನ್ನಡ ಓದಲು ಬೇಜಾರು ಎನ್ನುವವರ ಕೈಗೂ ಪುಸ್ತಕ ಕೊಟ್ಟ. ಇವರ ಜೊತೆಗೆ ಮ. ರಾಮಮೂರ್ತಿ. ಇವತ್ತು ನಾವು ಹಾರಿಸುವ ಹಳದಿ-ಕೆಂಪು ಬಾವುಟ ರೂಪಿಸಿದವರೇ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು ಎಂಬುದನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಯಾಕೋ ಯಾರೂ ಹೇಳುವುದಿಲ್ಲ.

ಮಾಮಾ ಈ ಮೂರೂ ಭಾಷೆಯ ಪುಸ್ತಕ ಓದಿದವರು. ಆದರೆ ಈ ದೇಸಿ ಪತ್ತೇದಾರರಿಗೂ ಮಿಸ್ ಮಾರ್ಪಲ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮವರಿಗೆ ವೇಷ ಬೇಕು, ಬೆನ್ನಟ್ಟುವಿಕೆ ಬೇಕು, ಕಳ್ಳರ ಅಡಗುದಾಣ, ಸುರಂಗ ಬೇಕು. ಪಾತಕಿ ಊರ ಹೊರಗಿನಿಂದ ಬರುತ್ತಾನೆ. ಕ್ರಿಸ್ಟಿಯ ಪಾತಕಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿರುತ್ತಾನೆ ಅಥವಾ ಕುಡಿಯುತ್ತಿರುತ್ತಾಳೆ. ಅದಕ್ಕಾಗಿಯೇ ಕ್ರಿಸ್ಟಿಗೆ ಎಲ್ಲರೂ ದ್ವೇಷಿಸುವ ಹೆಣ ಬೇಕು. ಒಳ್ಳೆಯವನೊಬ್ಬ ಸತ್ತರೆ ಕಾರಣ ಇದ್ದವರು ಒಬ್ಬಿಬ್ಬರು, ಹುಡುಕಾಟ ಹತ್ತು ಪುಟದಲ್ಲಿ ಮುಗಿಯುತ್ತದೆ. ಕೆಟ್ಟವನು ಸತ್ತರೆ ಊರಿಗೆ ಊರೇ ಆರೋಪಿ. ಮಿಸ್ ಮಾರ್ಪಲ್ ಕೂಡ ಏಳು ಮಂದಿಯ ಮೇಲೆ ಅನುಮಾನ ಇಟ್ಟುಕೊಂಡಿರುತ್ತಾಳೆ.

ಇದರ ಬಗ್ಗೆ ಚೆನ್ನಾಗಿ ಯೋಚಿಸಿದವನು ಕವಿ ಡಬ್ಲ್ಯೂ.ಎಚ್. ಆಡೆನ್. ಪತ್ತೇದಾರಿ ಕಥೆಯ ಚಟ ಹತ್ತಿಸಿಕೊಂಡಿದ್ದ ಅವನು 1948ರಲ್ಲಿ ಬರೆದ ಪ್ರಬಂಧದಲ್ಲಿ ಕೊಲೆಯಾದವನಿಗೆ ಎರಡು ಕೆಲಸಗಳಿವೆ, ಅವು ಒಂದಕ್ಕೊಂದು ಹೊಂದುವುದಿಲ್ಲ ಎನ್ನುತ್ತಾನೆ. ಎಲ್ಲರ ಮೇಲೂ ಅನುಮಾನ ಬರಬೇಕಾದರೆ ಅವನು ಕೆಟ್ಟವನಾಗಿರಬೇಕು. ಎಲ್ಲರಿಗೂ ಒಳಗೊಳಗೆ ಪಾಪಪ್ರಜ್ಞೆ ಕಾಡಬೇಕಾದರೆ ಒಳ್ಳೆಯವನಾಗಿರಬೇಕು. ಕ್ರಿಸ್ಟಿ ಮೊದಲನೆಯದನ್ನು ಪೂರ್ತಿ ಮಾಡಿ ಎರಡನೆಯದನ್ನು ಕೈಬಿಟ್ಟಳು ಅನ್ನುವುದು ನನ್ನ ತಕರಾರು. ಪ್ರೊಥೆರೊ ಸತ್ತ ಮೇಲೆ ಆ ಊರಿನಲ್ಲಿ ಸಂಕಟಪಟ್ಟವರು ಕಾಣುವುದಿಲ್ಲ. 1938ರಲ್ಲಿ ಅವಳು ಇದೇ ಬಗೆಯ ಇನ್ನೆರಡು ಹೆಣಗಳನ್ನು ಬೀಳಿಸಿದಳು: ಕ್ರಿಸ್‌ಮಸ್‌ಗೆ ಮಕ್ಕಳನ್ನೆಲ್ಲ ಕೂಡಿಹಾಕಿ ಗೋಳುಹೊಯ್ದುಕೊಳ್ಳುವ ಮುದುಕ ಸಿಮಿಯನ್ ಲೀ, ಮತ್ತು ಹಿಂದೊಮ್ಮೆ ಜೈಲಿನ ವಾರ್ಡರ್ ಆಗಿದ್ದು ಆಮೇಲೆ ತನ್ನ ಮನೆಯನ್ನೇ ಜೈಲು ಮಾಡಿದ ಮಿಸೆಸ್ ಬಾಯ್ನ್‌ಟನ್. ಇವರಿಗಾಗಿಯೂ ಯಾರ ಕಣ್ಣೂ ಒದ್ದೆಯಾಗುವುದಿಲ್ಲ.

ಹಾಗಿದ್ದೂ ‘ವಿಕರೇಜ್’ ಕಾದಂಬರಿಯ ಕಸುಬು ಮೆಚ್ಚುವಂಥದ್ದು. ಕೊಲೆಯ ಕೋಣೆಯನ್ನು ಹತ್ತಿರದಿಂದ ನೋಡಬೇಕು. ಮೇಜಿನ ಮೇಲೆ ಒಂದು ಗಡಿಯಾರ ಉರುಳಿ ಬಿದ್ದು 6 ಗಂಟೆ 22 ನಿಮಿಷಕ್ಕೆ ನಿಂತಿದೆ. ಹೆಣದ ಕೆಳಗೆ ಕರ್ನಲ್ ಬರೆಯುತ್ತಿದ್ದ ಚೀಟಿ, ಇನ್ನು ಕಾಯಲಾರೆ ಎಂಬರ್ಥದ್ದು. ಅದರ ನೆತ್ತಿಯ ಮೇಲೆ 6.20 ಎಂದು ಸಮಯ. ಪೊಲೀಸರಿಗೆ ಇನ್ನೇನು ಬೇಕು! ಇನ್‌ಸ್ಪೆಕ್ಟರ್ ಸ್ಲ್ಯಾಕ್ ಕುಣಿದಾಡುತ್ತಾನೆ. ಆದರೆ ಆ ಗಡಿಯಾರವನ್ನು ಪಾದ್ರಿ ಯಾವಾಗಲೂ ಕಾಲು ಗಂಟೆ ಮುಂದಿಟ್ಟಿರುತ್ತಾನೆ, ತನಗೆ ತಡವಾಗದಿರಲಿ ಎಂದು. ಅದನ್ನು ಹೇಳಲು ಬಾಯಿ ತೆರೆದಾಗಲೆಲ್ಲ ಸ್ಲ್ಯಾಕ್ ಬಾಯಿ ಮುಚ್ಚಿಸುತ್ತಾನೆ. ಅವನಿಗೆ ಆಗಲೇ ಎಲ್ಲ ಗೊತ್ತಾಗಿದೆ. ಪಾದ್ರಿ ಸಂಜೆ ಮನೆಯಲ್ಲಿ ಇರದಂತೆ ಮಾಡಿದ್ದು ಒಂದು ಸುಳ್ಳು ಫೋನ್ ಕರೆ, ಯಾರೋ ಸಾಯುತ್ತಿದ್ದಾರೆ ಬನ್ನಿ ಎಂದು. ಅಷ್ಟರಲ್ಲಿ ಒಬ್ಬರಲ್ಲ, ಇಬ್ಬರು ಬಂದು ಬೇರೆ ಬೇರೆಯಾಗಿ ‘ನಾನೇ ಕೊಂದೆ’ ಎನ್ನುತ್ತಾರೆ. ಎಲ್ಲ ಗೊತ್ತಿರುವ ಪೊಲೀಸನಿಗೆ ಇದಕ್ಕಿಂತ ದೊಡ್ಡ ಗೋಳು ಯಾವುದು?

ಈ ಗದ್ದಲದಲ್ಲಿ ಪಕ್ಕದ ಮನೆಯ ಅಂಗಳದಲ್ಲಿ ಗಿಡಗಳಿಗೆ ಕೈ ಹಾಕಿಕೊಂಡು, ಹಕ್ಕಿ ನೋಡುವ ನೆಪದಲ್ಲಿ ದುರ್ಬೀನು ಹಿಡಿದುಕೊಂಡು ಮುದುಕಿಯೊಬ್ಬಳು ದಾರಿಯಲ್ಲಿ ಹೋಗಿಬರುವವರನ್ನು ನೋಡುತ್ತಿರುತ್ತಾಳೆ. ಕರ್ನಲ್‌ನ ಮೇಲೆ ಯಾರಿಗೆ ಸಿಟ್ಟು ಎಂಬುದು ಅವಳಿಗೂ ಗೊತ್ತು, ಊರಿಗೆಲ್ಲ ಗೊತ್ತು. ಅವಳು ಅದರ ಬೆನ್ನು ಹತ್ತುವುದಿಲ್ಲ. ಯಾರ ಕೈಯಲ್ಲಿ ಏನಿತ್ತು, ಏನಿರಲಿಲ್ಲ, ಎಷ್ಟು ಹೊತ್ತಿಗೆ ಯಾವ ಬಾಗಿಲಿನಿಂದ ಬಂದರು, ಆ ದಿನ ಆ ಮನುಷ್ಯ ಇಲ್ಲದಾಗುವುದರಿಂದ ಯಾರ ಕೆಲಸ ಸಲೀಸಾಗುತ್ತದೆ ಎಂದಷ್ಟೇ ಕೇಳಿಕೊಳ್ಳುತ್ತಾಳೆ. ಊರ ದ್ವೇಷ ಎಂಬ ದಟ್ಟ ಹೊಗೆ ಕೊಂದವರಿಗೆ ಸಿಕ್ಕ ಪುಕ್ಕಟೆ ಮರೆ. ಸತ್ತವನಿಗೆ ನೂರು ಶತ್ರುಗಳಿದ್ದರೆ ನೂರಾ ಒಂದನೆಯವನು ಬಚಾವು.

ಇದನ್ನು ಓದಿ ಮುಗಿಸಿದ ಮೇಲೆ ನನ್ನ ತಲೆಯಲ್ಲಿ ಕೂತದ್ದು ಇಂಗ್ಲೆಂಡಿನ ಕರ್ನಲ್ ಅಲ್ಲ, ನಮ್ಮದೇ ಸೀಮೆಯ ಇನ್ನೊಂದು ಹೆಣ.

ಭೀಮಾ ನದಿಯ ದಂಡೆಯಲ್ಲಿ ಡೇರೆ ಹಾಕಿಕೊಂಡಿದ್ದ ಒಬ್ಬ ರಾಜ, ಯಾರೋ ತಂದುಕೊಟ್ಟ ಹಣ್ಣನ್ನು ಮೂಸಿ ನೋಡಿ ಸತ್ತ. ಇದು ಧರಣಿ ಪಂಡಿತನ ‘ಬಿಜ್ಜಳರಾಯ ಚರಿತೆ’ ಎಂಬ ಜೈನ ಕೃತಿ ಹೇಳುವ ಕಥೆ. ಕೊಲ್ಲಾಪುರದ ಶಿಲಾಹಾರರ ಮೇಲೆ ದಂಡೆತ್ತಿ ಹೋಗಿದ್ದ ಬಿಜ್ಜಳ ಕಲ್ಯಾಣಕ್ಕೆ ಮರಳುತ್ತಿದ್ದಾಗ ನಡೆದದ್ದು. ಕೊಲ್ಲಾಪುರದಿಂದ ಕಲ್ಯಾಣಕ್ಕೆ ಬರುವವರಿಗೆ ಭೀಮೆ ದಾಟದೆ ದಾರಿಯಿಲ್ಲ. ಜೈನ ಮುನಿಯ ವೇಷದಲ್ಲಿ ಬಂದ ಜಂಗಮನೊಬ್ಬ ವಿಷದ ಹಣ್ಣು ಕೊಟ್ಟ ಎನ್ನುತ್ತದೆ ಆ ಕೃತಿ.

ಇನ್ನೊಂದು ಕಥೆ ನಮಗೆಲ್ಲ ಹೆಚ್ಚು ಪರಿಚಿತ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಯಿತು. ಸಮಗಾರರ ಮನೆಗೆ ಬ್ರಾಹ್ಮಣರ ಹೆಣ್ಣು ಬಂದದ್ದಕ್ಕೆ ಬಿಜ್ಜಳ ಆ ಇಬ್ಬರು ಬೀಗರಿಗೆ ಘೋರ ಶಿಕ್ಷೆ ಕೊಟ್ಟ. ಅದರ ಸೇಡಿಗೆ ಶರಣ ಜಗದೇವ ತನ್ನ ಸಂಗಡಿಗರೊಂದಿಗೆ ಅರಮನೆಗೆ ನುಗ್ಗಿ ರಾಜನನ್ನು ಕೊಂದ. ತೆಲುಗಿನ ಪಾಲ್ಕುರಿಕೆ ಸೋಮನಾಥ ಹೇಳಿದ್ದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಕನ್ನಡದಲ್ಲಿ ‘ಬಸವಪುರಾಣ’ ಬರೆದ. ಮುಂದಿನ ಪುರಾಣಗಳು ಇದೇ ಘಟನೆಯನ್ನು ಬೆಳೆಸಿಕೊಂಡು ಹೋದವು. ಕೊಂದವರು ದೀವಟಿಗೆ ಹಿಡಿಯುವವರ ವೇಷದಲ್ಲಿ ಒಳಗೆ ಹೋದರು ಎಂಬ ಕಥೆಯೂ ಇದೆ.

ಪತ್ತೇದಾರಿ ಕಣ್ಣಿನಿಂದ ನೋಡಿದರೆ ಇಲ್ಲೊಂದು ವಿಚಿತ್ರ ಕಾಣುತ್ತದೆ. ಕೊಲೆಯ ಜಾಗ ಬೇರೆ, ವಿಧಾನ ಬೇರೆ, ಕೊಂದವನ ಹೆಸರೂ ಬೇರೆ. ಆದರೂ ಎರಡು ಕಡೆಯವರೂ ಬೆರಳು ತೋರಿಸುವುದು ಒಂದೇ ದಿಕ್ಕಿಗೆ. ಒಂದು ಕಡೆಯವರು ಅದನ್ನು ಧರ್ಮದ ಕೆಲಸವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಇನ್ನೊಂದು ಕಡೆಯವರು ದ್ರೋಹವೆಂದು ದೂರುತ್ತಾರೆ. ಒಪ್ಪಿಗೆಯೂ ಇದೆ, ಆರೋಪವೂ ಇದೆ. ಇನ್‌ಸ್ಪೆಕ್ಟರ್ ಸ್ಲ್ಯಾಕ್ ಆಗಿದ್ದರೆ ಕಡತ ಮುಚ್ಚಿ ಮನೆಗೆ ಹೋಗುತ್ತಿದ್ದ. ‘ವಿಕರೇಜ್’ನಲ್ಲಿ ಒಂದರ ಮೇಲೊಂದು ಬರುವ ತಪ್ಪೊಪ್ಪಿಗೆಗಳನ್ನು ಓದಿದವನಿಗೆ ಮಾತ್ರ ಅಷ್ಟು ಸುಲಭವಾಗಿ ಸಮಾಧಾನವಾಗುವುದಿಲ್ಲ. ಇನ್ನೊಬ್ಬರ ಮೇಲಿನ ಪ್ರೀತಿಗೆ, ಒಂದು ಪಂಥದ ಹೆಮ್ಮೆಗೆ, ಅಥವಾ ಕಥೆ ಚಂದವಾಗಲೆಂದೂ ಜನ ‘ನಾವೇ ಮಾಡಿದ್ದು’ ಅನ್ನುತ್ತಾರೆ. ಇದು ಶರಣರ ನೋವನ್ನೋ ಜಗದೇವನ ಭಕ್ತಿಯನ್ನೋ ಸಣ್ಣದು ಮಾಡುವ ಮಾತಲ್ಲ. ಪುರಾಣಗಳು ಘಟನೆಯಾಗಿ ನೂರು, ಇನ್ನೂರು ವರ್ಷಗಳ ಮೇಲೆ, ಜೈನ ಕೃತಿ ಇನ್ನೂ ಬಹಳ ತಡವಾಗಿ ಬರೆದದ್ದು ಎಂಬುದನ್ನು ಮರೆಯಬಾರದು, ಅಷ್ಟೇ.

ಬಿಜ್ಜಳನಿಗೆ ಬೇರೆ ಶತ್ರುಗಳೇನು ಕಡಿಮೆಯೇ? ಕಳಚುರಿ ವಂಶದ ಈ ಮಂಗಳವೇಢೆಯ ಸಾಮಂತ ತನ್ನ ಒಡೆಯ ಚಾಲುಕ್ಯ ಮೂರನೆಯ ತೈಲಪನನ್ನು ಸರಿಸಿ 1162ರ ಹೊತ್ತಿಗೆ ಕಲ್ಯಾಣದ ಸಿಂಹಾಸನ ಏರಿದವನು. ಚಾಲುಕ್ಯರಿಗೆ ನಿಷ್ಠರಾಗಿದ್ದವರ ಕಣ್ಣಿಗೆ ಅವನು ಕಳ್ಳ. ನೆರೆಯ ಸಾಮಂತರಿಗೆ ನಿನ್ನೆಯವರೆಗೆ ತಮ್ಮ ಸಾಲಿನಲ್ಲೇ ಕೂತಿದ್ದವನ ಮುಂದೆ ಇವತ್ತು ಬಗ್ಗಬೇಕಾದ ಅವಮಾನ. ಅವನ ನಂತರ ಪಟ್ಟಕ್ಕೆ ಬಂದವನು ಮಗ ಸೋವಿದೇವ, 1167-68ರ ಸುಮಾರಿಗೆ. ಬಿಜ್ಜಳ ಬದುಕಿದ್ದಾಗಲೇ ಮಗನಿಗೆ ಅಧಿಕಾರ ಬಿಟ್ಟುಕೊಟ್ಟ ಎಂದು ಶಾಸನಗಳ ಆಧಾರದ ಮೇಲೆ ಹೇಳುವ ಇತಿಹಾಸಕಾರರಿದ್ದಾರೆ. ಹಾಗಿದ್ದರೆ ಅದು ಬಿಟ್ಟುಕೊಟ್ಟದ್ದೋ, ಕಿತ್ತುಕೊಂಡದ್ದೋ? ಗಿರೀಶ ಕಾರ್ನಾಡರಿಗೆ ಈ ಪ್ರಶ್ನೆ ಹೊಳೆದಿತ್ತು. 1990ರ ‘ತಲೆದಂಡ’ದಲ್ಲಿ ಮಗನೇ ತಂದೆಯನ್ನು ಬಂಧಿಸಿ ಪಟ್ಟ ಕಸಿಯುತ್ತಾನೆ. ಅವರಿಗಿಂತ ಮೊದಲು ಲಂಕೇಶರು ‘ಸಂಕ್ರಾಂತಿ’ಯಲ್ಲಿ, ಎಚ್.ಎಸ್. ಶಿವಪ್ರಕಾಶರು ‘ಮಹಾಚೈತ್ರ’ದಲ್ಲಿ ಅದೇ ಕಲ್ಯಾಣಕ್ಕೆ ಹೋಗಿಬಂದಿದ್ದರು. ಕನ್ನಡದ ಇಷ್ಟು ದೊಡ್ಡ ನಾಟಕಕಾರರು ಒಂದೇ ಹೆಣದ ಸುತ್ತ ನಿಂತದ್ದು ಬೇರೆಲ್ಲೂ ನೆನಪಾಗುವುದಿಲ್ಲ.

2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದಾಗ ಎಲ್ಲರಿಗೂ ನೆನಪಾದದ್ದು ಅನುಭವ ಮಂಟಪ. ಸಹಜವೇ. ಆದರೆ ನಮ್ಮ ಬಸ್ಸುಗಳ ಮೇಲೆ ಈಗ ಹೆಸರು ಬರೆದಿರುವ ಆ ಊರು ಎಂಟೂವರೆ ಶತಮಾನ ಹಳೆಯ, ಇನ್ನೂ ಇತ್ಯರ್ಥವಾಗದ ಕೊಲೆ ಪ್ರಕರಣವೊಂದರ ಊರೂ ಹೌದು.

ಎಲ್ಲರೂ ದ್ವೇಷಿಸುವ ಮನುಷ್ಯನ ಸಾವು ಎಂದರೆ ಕನ್ನಡದ ಓದುಗನಿಗೆ ಥಟ್ಟನೆ ನೆನಪಾಗಬೇಕಾದದ್ದು ‘ಸಂಸ್ಕಾರ’ದ ನಾರಣಪ್ಪ. ಅವನು ಸತ್ತದ್ದು ಪ್ಲೇಗಿನಿಂದ, ಕೊಲೆಯಿಂದಲ್ಲ. ಅಲ್ಲಿ ಅಗ್ರಹಾರ ಕೇಳಿಕೊಳ್ಳುವುದು ಹೆಣಕ್ಕೆ ಬೆಂಕಿ ಕೊಡುವವರು ಯಾರು ಎಂದು. ಇಂಗ್ಲಿಷ್ ಹಳ್ಳಿಯ ಪ್ರಶ್ನೆಗಿಂತ ಇದು ಹೆಚ್ಚು ಕಷ್ಟದ್ದು ಎಂದೇ ನನ್ನ ಎಣಿಕೆ. ಉತ್ತರ ಕರ್ನಾಟಕದ ಸಣ್ಣಾಟ ‘ಸಂಗ್ಯಾ ಬಾಳ್ಯಾ’ದ ದಾರಿ ಇನ್ನೂ ಬೇರೆ. ಬೈಲಹೊಂಗಲದ ಕಡೆ ನಡೆದದ್ದೆನ್ನುವ ಆ ಕೊಲೆಯಲ್ಲಿ ಗುಟ್ಟೆಂಬುದೇ ಇಲ್ಲ. ಪರರ ಹೆಂಡತಿಯ ಹಿಂದೆ ಬಿದ್ದ ಸಂಗ್ಯಾ ಸಾಯುತ್ತಾನೆ, ಗೆಳೆಯ ಬಾಳ್ಯಾನೇ ಅವನನ್ನು ಒಪ್ಪಿಸುತ್ತಾನೆ ಎಂಬುದು ಕೂತ ಮಂದಿಗೆಲ್ಲ ಗೊತ್ತು. ತಪ್ಪು ಸಂಗ್ಯಾನದೇ ಎಂದೂ ಗೊತ್ತು. ಆದರೂ ಬೆಳಗಿನ ಜಾವ ಆ ಕೊಲೆ ಬಂದಾಗ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆಡೆನ್ ಕೇಳಿದ ಎರಡನೆಯ ಕೆಲಸವನ್ನು ನಮ್ಮ ಆಟದ ಮೇಳ ಮಾಡಿ ತೋರಿಸುತ್ತದೆ.

ಭೀಮೆಯ ದಂಡೆ ಎಂದ ಮೇಲೆ ಇನ್ನೊಂದು ಪುಸ್ತಕದ ಹೆಸರು ಹೇಳದಿದ್ದರೆ ಓದುಗರು ಬಿಡುವುದಿಲ್ಲ: ರವಿ ಬೆಳಗೆರೆಯವರ ‘ಭೀಮಾ ತೀರದ ಹಂತಕರು’. ಅದರ ಅಬ್ಬರಕ್ಕೆ 2012ರ ‘ಭೀಮಾ ತೀರದಲ್ಲಿ’ ಸಿನಿಮಾದ ಅಬ್ಬರವೂ ಸೇರಿ, ಬೆಂಗಳೂರಿನಲ್ಲಿ ಓದಲು ಹೋದ ಅಫಜಲಪುರದ ಹುಡುಗರು ಊರ ಹೆಸರು ಹೇಳಿದೊಡನೆ ಎದುರಿನವರು ಹುಬ್ಬೇರಿಸುವಂತಾಯಿತು. ಆ ಬಗೆಯ ಬರಹದಲ್ಲಿ ಕೊಂದವನೇ ನಾಯಕ. ಸತ್ತವನು ಎರಡು ಸಾಲಿನಲ್ಲಿ ಮುಗಿಯುತ್ತಾನೆ. ಆಳಂದದಲ್ಲಿ ಹುಟ್ಟುವ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಕೂಡಿ, ಆ ನೀರು ಜೇವರ್ಗಿ ಸೀಮೆಗೆ ಇಳಿಯುತ್ತದೆ. ಈ ದಾರಿಯುದ್ದಕ್ಕೂ ದತ್ತನ ಪಾದುಕೆಗೆ ನಡೆದು ಬರುವವರು, ಲಾಡ್ಲೆ ಮಶಾಯಕರ ಉರುಸಿಗೆ ಹೋಗುವವರು, ತೊಗರಿ ರೇಟಿಗೆ ತಲೆ ಕೆಡಿಸಿಕೊಂಡವರು ಲಕ್ಷಾಂತರ. ಹಂತಕರು ಬೆರಳೆಣಿಕೆಯವರು. ಪುಸ್ತಕಕ್ಕೆ ಹೆಸರು ಮಾತ್ರ ಇಡೀ ನದಿಯದು.

ಮಿಸ್ ಮಾರ್ಪಲ್ ನಮ್ಮ ಕೋರ್ಟಿಗೆ ಬಂದರೆ ಏನಾದೀತು ಎಂದು ಜೇವರ್ಗಿಯ ವಕೀಲ ಮಿತ್ರರೊಬ್ಬರನ್ನು ಕೇಳಿದೆ. ಕ್ರಿಮಿನಲ್ ಕೇಸು ನಡೆಸಿಯೇ ತಲೆ ಬೆಳ್ಳಗೆ ಮಾಡಿಕೊಂಡವರು. ಕಥೆ ಪೂರ್ತಿ ಕೇಳಿ ನಕ್ಕರು.

“ಮೊದಲ್ನೇ ಕ್ರಾಸಿನ್ಯಾಗೇ ಹಿಡೀತೀನ್ರಿ. ಬಾಯಾರ, ನೀವು ಮಂದಿ ಮನಿ ಕಡಿ ದುರ್ಬೀನ್ ಹಿಡ್ಕೊಂಡು ಯಾಕ ಕುಂತಿದ್ರಿ? ಸತ್ತಾಂವನ ಮ್ಯಾಲ ನಿಮಗೂ ಸಿಟ್ಟಿತ್ತಲಾ? ಅಷ್ಟ ಸಾಕು.”

ಆಮೇಲೆ ನಗು ಬಿಟ್ಟು ಹೇಳಿದರು. ನಮ್ಮ ನ್ಯಾಯಾಲಯಗಳ ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುವ ಮಾತೊಂದಿದೆಯಂತೆ: ಹಳೆಯ ವೈರ ಎರಡು ಅಲಗಿನ ಕತ್ತಿ. ಕೊಲ್ಲಲು ಅದೇ ಕಾರಣವಾಗಬಹುದು, ಕೊಲ್ಲದವನನ್ನು ಸಿಕ್ಕಿಸಲೂ ಅದೇ ಕಾರಣವಾಗಬಹುದು. ಊರಲ್ಲಿ ದೊಡ್ಡವನೊಬ್ಬ ಸತ್ತ ರಾತ್ರಿ ಫಿರ್ಯಾದಿ ಬರೆಯುವಾಗ ನಾಲ್ಕು ಹೆಸರಿನ ಜಾಗದಲ್ಲಿ ಹದಿನಾಲ್ಕು ಹೆಸರು ಬರುವುದು ಇದರಿಂದಲೇ. ಬಾಂದಿನ ಜಗಳದವ, ಚುನಾವಣೆಯಲ್ಲಿ ಎದುರು ನಿಂತವ, ಸಾಲ ಕೊಡದವ ಎಲ್ಲರೂ ಒಂದೇ ಕಾಗದದಲ್ಲಿ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ. ಕೋರ್ಟಿನಲ್ಲಿ ಅವನು ತಿರುಗಿಬಿದ್ದರೆ ಆ ಕಾಗದದಿಂದಲೇ ಅಪರಾಧ ಸಾಬೀತಾಗುವುದಿಲ್ಲ. ಸೇಂಟ್ ಮೇರಿ ಮೀಡ್‌ನಲ್ಲಿ ಎಲ್ಲರೂ ಪೊಲೀಸರ ಹತ್ತಿರ ಬಂದು ಬಂದು ಮಾತಾಡುತ್ತಾರೆ, ಕೊಂದವರು ಯಾರೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. “ನಮ್ಮ ಕಡಿ ಉಲ್ಟಾರೀ,” ಅಂದರು ವಕೀಲರು, “ಊರಿಗೆಲ್ಲ ಗೊತ್ತಿರ್ತದ, ಬಾಯಿ ಬಿಡೋರು ಇರಂಗಿಲ್ಲ.” ಅವರ ಪ್ರಕಾರ ಕ್ರಿಸ್ಟಿಯ ಪುಸ್ತಕದಲ್ಲಿ ನಂಬಲು ಕಷ್ಟವಾದದ್ದು ಗಡಿಯಾರವಲ್ಲ, ಅಷ್ಟೊಂದು ಸಾಕ್ಷಿಗಳು. ಅದಕ್ಕೆ ಸಮಾಧಾನವಾಗಿ ನಾನು ಹೇಳಿದೆ: ಕೊನೆಗೆ ಮಿಸ್ ಮಾರ್ಪಲ್‌ಗೂ ಸಾಕ್ಷ್ಯ ಸಾಲುವುದಿಲ್ಲ, ಬಲೆ ಬೀಸಿಯೇ ಹಿಡಿಸಬೇಕಾಗುತ್ತದೆ. “ಹಾಂ, ಹಂಗಾದ್ರ ಬರೋಬ್ಬರಿ ಬರ್ದಾಳ,” ಎಂದು ಪುಸ್ತಕ ಇಸಿದುಕೊಂಡರು. ಇನ್ನೂ ಮರಳಿಸಿಲ್ಲ.

ಕಾದಂಬರಿಯಲ್ಲಿ ಕೊರತೆಗಳಿವೆ. ಪಾತ್ರಗಳು ಹೆಚ್ಚಾದವು, ಉಪಕಥೆಗಳು ಹೆಚ್ಚಾದವು ಎಂದು ಕ್ರಿಸ್ಟಿಯೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಪ್ರಾಕ್ತನ ಸಂಶೋಧಕನೆಂದು ಬಂದವನೊಬ್ಬ, ಗುಟ್ಟಾಗಿ ಬಂದು ನೆಲೆಸಿದ ಹೆಂಗಸೊಬ್ಬಳು, ಕಾಯಿಲೆಯ ಕಿರಿಯ ಪಾದ್ರಿಯೊಬ್ಬ, ಮೊದಲ ಸಲ ಓದುವಾಗ ಯಾರು ಯಾರೆಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಕೆಲಸದವಳು ಮೇರಿಯ ಅಡುಗೆಯನ್ನು ಗೇಲಿ ಮಾಡುವ ಉತ್ಸಾಹ ಅವಳ ಬದುಕನ್ನು ನೋಡುವುದರಲ್ಲಿಲ್ಲ. ಆರ್ಚರ್‌ನಂಥ ಬಡವ ಪುಸ್ತಕದಲ್ಲಿ ಇರುವುದು ಬರೀ ಅನುಮಾನಪಡಲು. ಅವನು ಬಿಡುಗಡೆಯಾಗಿ ಬಂದು ಏನು ತಿಂದ, ಎಲ್ಲಿ ಮಲಗಿದ ಎಂದು ಯಾರೂ ಕೇಳುವುದಿಲ್ಲ.

ಆದರೆ ಎರಡನೆಯ ಸಲ ಓದಿದಾಗ ಕಣ್ಣಿಗೆ ಬಿದ್ದದ್ದು ಬೇರೆ. ಇಷ್ಟು ಹೇಳಿದರೆ ಕೊಲೆಯ ಗುಟ್ಟೇನೂ ರಟ್ಟಾಗುವುದಿಲ್ಲ. ಆ ಕಿರುಚಾಟದ, ಕಲ್ಲೆದೆಯ ಕರ್ನಲ್ ಎರಡು ವಿಷಯದಲ್ಲಿ ಮೋಸ ಹೋಗಿದ್ದ. ಅವನ ಮನೆಯ ಹಳೆಯ ಬೆಳ್ಳಿ ಸಾಮಾನುಗಳನ್ನು ಎಗರಿಸಿ ಆ ಜಾಗದಲ್ಲಿ ನಕಲಿ ಇಡಲಾಗಿತ್ತು. ಚರ್ಚಿನ ಹಣ ನಿಜವಾಗಿಯೂ ಕಳುವಾಗುತ್ತಿತ್ತು. ಊರೆಲ್ಲ ಅವನನ್ನು ಪೀಡೆ ಎನ್ನುತ್ತಿದ್ದಾಗ ಲೆಕ್ಕ ಕೇಳಿದವನು ಅವನು, ಅವನ ಗುಮಾನಿ ಸರಿಯಾಗಿತ್ತು. ಕೊಲೆಗಾರರನ್ನು ಹಿಡಿದ ಮೇಲೆ ಊರು ನಿಟ್ಟುಸಿರು ಬಿಡುತ್ತದೆ, ಪಾದ್ರಿಯ ಮನೆಯಲ್ಲಿ ಕೂಸು ಹುಟ್ಟುವ ಸುದ್ದಿ ಬರುತ್ತದೆ. ಮುದುಕ ಹೇಳಿದ್ದು ನಿಜವಿತ್ತು ಎಂದು ಒಬ್ಬರ ಬಾಯಲ್ಲೂ ಬರುವುದಿಲ್ಲ.

ಪೂರ್ತಿ ಕಥೆ ಹೇಳಿ ಮುಗಿಸಿದ ದಿನ ಮಾಮಾ ಕೊಂದವರ ಹೆಸರು ಕೇಳಿ ತಲೆಯಾಡಿಸಿದರು. ತಾವು ಮೊದಲೇ ಹೇಳಿದ್ದೇ ಆಯಿತು ಎಂಬಂತೆ. ಆದರೆ ಕಾಣಿಕೆಯ ಹಣದ ಮಾತು ಬಂದಾಗ ನೆಟ್ಟಗೆ ಕೂತರು. ಗುಡಿಯ ದಫ್ತರು ಅವರ ಪಕ್ಕದಲ್ಲೇ ಇತ್ತು, ಶ್ರಾವಣದ ಪಟ್ಟಿ ಬರೆಯುವುದು ಬಾಕಿ ಇತ್ತು.

“ಅದೆಲ್ಲ ಖರೆ,” ಅಂದರು, “ಗುಡಿ ರೊಕ್ಕ ತಿರುಗಿ ಜಮಾ ಆತೇನು?”